ಅಂಕಿಯ ಮಗ್ಗುಲಲ್ಲಿ ಮಾತಿರಲಿ

ವಿದ್ಯಾರ್ಥಿ ಮಿತ್ರರೇ, ಶಾಲೆಯ ಪ್ರಾಜೆಕ್ಟಿಗಾಗಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದೂ, ದೊರೆತ ಉತ್ತರಗಳನ್ನು ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ ತುಂಬುವುದೂ ನಿಮಗೆ ಹೊಸತಲ್ಲ. ಅದು ಸಂತೋಷದ ಸಂಗತಿಯೇ. ಆದರೆ ಆ ತಃಖ್ತೆಯಲ್ಲಿ ಕೂಡಿಸಲು ಬರುವ ಅಂಕಿಗಳು ಮಾತ್ರ ಉಳಿದು, ಜನರು ಆಡಿದ ಮಾತುಗಳು ಬಿಟ್ಟುಹೋದರೆ ನಿಮ್ಮ ಶ್ರಮದಲ್ಲಿ ಅರ್ಧ ವ್ಯರ್ಥವಾಯಿತೆಂದೇ ನನ್ನ ಅಭಿಪ್ರಾಯ.

“ನಿಮ್ಮ ಮನೆಯಲ್ಲಿ ಕನ್ನಡ ಮಾತನಾಡುವಿರಾ?” ಎಂದು ಕೇಳಲು ನೀವು ಮಾಟುಂಗ, ವಡಾಲ, ಡೊಂಬಿವಲಿಗಳ ಕನ್ನಡ ಕುಟುಂಬಗಳಿಗೆ ಹೊರಟಿರೆಂದು ಭಾವಿಸೋಣ. ನಿಮ್ಮ ಹಾಳೆಯಲ್ಲಿರುವುದು ‘ಹೌದು’, ‘ಇಲ್ಲ’ ಎಂಬ ಎರಡೇ ಉತ್ತರಗಳು. ಅಜ್ಜಿಯೊಬ್ಬರು, “ನಾನು ಕನ್ನಡದಲ್ಲಿ ಕೇಳುತ್ತೇನೆ ಮಗಾ, ಮೊಮ್ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ” ಎಂದರೆ ಏನು ಬರೆಯುವಿರಿ? ‘ಹೌದು’ ಎಂದರೂ ಪೂರ್ಣ ಸತ್ಯವಲ್ಲ, ‘ಇಲ್ಲ’ ಎಂದರೂ ಅಲ್ಲ. ‘ಹೌದು’ಗಳ ಮೊತ್ತವನ್ನು ಕಂಡು ನಾವು ಹಿಗ್ಗಬಹುದು. ಆದರೆ ಆ ಮೊಮ್ಮಗಳು ನಾಳೆ ತಾಯಿಯಾದಾಗ ಆ ಮನೆಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವವರಾದರೂ ಯಾರು? ಈ ನಗರದಲ್ಲಿ ನಮ್ಮ ನುಡಿಗೆ ಒದಗಿರುವ ಸಂಕಟವೆಲ್ಲ ಆ ಒಂದು ವಾಕ್ಯದಲ್ಲಿದೆ. ತಃಖ್ತೆ ಕಳೆದುಕೊಂಡದ್ದೂ ಅದನ್ನೇ.

ದೋಷವು ಯಂತ್ರದ್ದಲ್ಲ. ಅಮೆರಿಕೆಯ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರಚಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಮಾರಾಟಕ್ಕೆ ಬಂದಾಗ ವ್ಯಾಪಾರಿಗಳ ಲೆಕ್ಕವೇ ಅದರ ಮುಖ್ಯ ಕೆಲಸವಾಗಿತ್ತು. ಆ ಖಾತೆಪುಸ್ತಕದ ಗುಣ ಇಂದಿಗೂ ಅದರ ವಂಶದಲ್ಲಿ ಉಳಿದಿದೆ: ಅಂಕಿಯನ್ನು ಕಂಡರೆ ಕೂಡುತ್ತದೆ, ಮಾತನ್ನು ಕಂಡರೆ ಸುಮ್ಮನಿರುತ್ತದೆ. ಹಾಗೆಂದು ಸ್ಥಳಕ್ಕೆ ಕೊರತೆಯಿಲ್ಲ. ಎಕ್ಸೆಲ್ಲಿನ ಒಂದೊಂದು ಚೌಕದಲ್ಲಿ 32,767 ಅಕ್ಷರಚಿಹ್ನೆಗಳು ಹಿಡಿಸುತ್ತವೆ.

ಎಣಿಕೆಯನ್ನೂ ಮಾತನ್ನೂ ಕೂಡಿಸಿ ನಡೆಸುವ ಅಧ್ಯಯನವನ್ನು ವಿದ್ವಾಂಸರು ಮಿಶ್ರವಿಧಾನ ಸಂಶೋಧನೆ ಎನ್ನುತ್ತಾರೆ. ಅದಕ್ಕೆ ತಃಖ್ತೆಯನ್ನು ಹೀಗೆ ಸಿದ್ಧಪಡಿಸಬಹುದು. ಒಬ್ಬರಿಗೆ ಒಂದು ಸಾಲು; ಹೆಸರಿನ ಬದಲು ಕ್ರಮಸಂಖ್ಯೆ. ಮೊದಲ ಅಂಕಣಗಳಲ್ಲಿ ವಯಸ್ಸು, ನಗರಕ್ಕೆ ಬಂದು ಕಳೆದ ವರ್ಷಗಳು. ಅದರ ಮಗ್ಗುಲಲ್ಲಿ ಅವರ ಮಾತು, ಆಡಿದಂತೆಯೇ. ಮುಂದಿನ ಅಂಕಣದಲ್ಲಿ ನೀವು ಕೊಡುವ ಸಾರಪದ. ಆ ಅಜ್ಜಿಯ ಮಾತಿಗೆ ‘ತಿಳಿಯುತ್ತದೆ, ಆಡುವುದಿಲ್ಲ’ ಎನ್ನಬಹುದು. ಒಂದೊಂದು ಸಾರಪದ ಎಷ್ಟು ಸಲ ಬಂದಿದೆಯೆಂದು ‘ಕೌಂಟ್‌ಇಫ್’ ಎಂಬ ಸೂತ್ರವು ಎಣಿಸಿಕೊಡುತ್ತದೆ; ‘ಫಿಲ್ಟರ್’ ಹಚ್ಚಿದರೆ ಒಂದೇ ಬಗೆಯ ಮಾತುಗಳೆಲ್ಲ ಒಟ್ಟಾಗಿ ಕಣ್ಣೆದುರು ನಿಲ್ಲುತ್ತವೆ. ಎಷ್ಟು ಮಂದಿ ಎಂಬುದನ್ನು ಅಂಕಿ ಹೇಳಿದರೆ, ಏಕೆ ಎಂಬುದನ್ನು ಮಾತು ಹೇಳುತ್ತದೆ.

ಅಂಕಿ ನಿಷ್ಪಕ್ಷಪಾತವಾದುದು, ಮಾತನ್ನು ನಂಬುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಅಂಕಿಯೂ ತಪ್ಪುವುದುಂಟು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಖ್ಯಾತ ಅರ್ಥಶಾಸ್ತ್ರಜ್ಞರು ರಾಷ್ಟ್ರಗಳ ಸಾಲವನ್ನು ಕುರಿತು 2010ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಅನೇಕ ರಾಜಕಾರಣಿಗಳು ಆಧಾರವಾಗಿ ಎತ್ತಿ ಹೇಳಿದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ತಃಖ್ತೆಯನ್ನು ಪರಿಶೀಲಿಸಿದಾಗ, ಸರಾಸರಿಯ ಸೂತ್ರವು 20 ದೇಶಗಳಲ್ಲಿ 5ನ್ನು ಬಿಟ್ಟುಬಿಟ್ಟಿದ್ದುದು ಹೊರಬಿದ್ದಿತು. ಲೇಖಕರು ತಮ್ಮ ಮುಖ್ಯ ತೀರ್ಮಾನವನ್ನು ಬಿಡದಿದ್ದರೂ ಈ ತಪ್ಪನ್ನು ಒಪ್ಪಿಕೊಂಡರು. ಮೂಲದ ಸಾಲುಗಳು ಉಳಿದಿದ್ದುದರಿಂದಲೇ ಅದು ತಿಳಿಯಿತು. ಮಾತಿನ ವಿಷಯದಲ್ಲಿಯೂ ಇದೇ ನ್ಯಾಯ. ಸಾರಪದ ನಮ್ಮದು, ಮಾತು ಅವರದು. ಇಬ್ಬರು ಗೆಳೆಯರು ಬೇರೆಬೇರೆಯಾಗಿ ಕುಳಿತು ಸಾರಪದ ಕೊಡಲಿ. ಭೇದ ಬಂದಲ್ಲಿ ಚರ್ಚಿಸಲಿ. ಮೂಲವಾಕ್ಯವನ್ನು ಮಾತ್ರ ಯಾರೂ ಅಳಿಸದಿರಲಿ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಿಮಗೆ ಗೊತ್ತೇ ಇದೆ. ಕೇಳಿದೊಡನೆ ಬರೆದುಕೊಳ್ಳದ ಮಾತು ಮರಳಿ ದೊರೆಯುವುದಿಲ್ಲ. ಮುಂದಿನ ಸಲ ನೀವು ಪ್ರಶ್ನೆಪತ್ರ ಹಿಡಿದು ಹೊರಟಾಗ ಆ ಅಜ್ಜಿಯ ವಾಕ್ಯಕ್ಕೆಂದು ಒಂದು ಚೌಕವನ್ನು ಮೀಸಲಿಡಿ.