ಲಿನಕ್ಸ್‌ನಲ್ಲಿ ಹೈಬರ್ನೇಟ್: ಬೇಕೆ, ಬೇಡವೆ?

ರಾತ್ರಿ ಕುವೆಂಪುನಗರದ ಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿ, ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಕೂತು ತೆರೆದಾಗ ಚಾರ್ಜ್ ಅರ್ಧಕ್ಕರ್ಧ ಇಳಿದಿದ್ದರೆ ಆಶ್ಚರ್ಯವಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಹಳೆಯ ಗಾಢ ಸಸ್ಪೆಂಡ್ ಅನ್ನೇ ಕೈಬಿಟ್ಟಿವೆ. ಮುಚ್ಚಿದರೂ ಅವು ಅರೆನಿದ್ದೆಯಲ್ಲಿರುತ್ತವೆ. ಹೈಬರ್ನೇಟ್ ಹಾಗಲ್ಲ. ರ್‍ಯಾಮ್‌ನಲ್ಲಿದ್ದುದನ್ನು ಡಿಸ್ಕಿನಲ್ಲಿ ಸ್ವಾಪ್ ಎಂಬ ಮೀಸಲು ಜಾಗಕ್ಕೆ ಬರೆದಿಟ್ಟು ಯಂತ್ರ ಪೂರ್ತಿ ಆಫ್ ಆಗುತ್ತದೆ. ಮಳೆಗಾಳಿಗೆ ರಾತ್ರಿಯಿಡೀ ಕರೆಂಟ್ ಹೋದರೂ ತೆರೆದಿಟ್ಟ ಪ್ರಬಂಧ ಎಲ್ಲಿತ್ತೋ ಅಲ್ಲೇ ಸಿಗುತ್ತದೆ.

ಇಷ್ಟು ಉಪಯುಕ್ತವಾದುದನ್ನು ಉಬುಂಟು 2012ರಲ್ಲೇ, 12.04 ಆವೃತ್ತಿಯಿಂದ, ಮೆನುವಿನಿಂದ ತೆಗೆಯಿತು. ಅದಕ್ಕೆ ಕಾರಣವಿದೆ. ಮತ್ತೆ ಆನ್ ಮಾಡಿದಾಗ ಗ್ರಾಫಿಕ್ಸ್, ವೈಫೈ, ಯುಎಸ್‌ಬಿ ಡ್ರೈವರ್‌ಗಳೆಲ್ಲ ಹಿಂದಿನ ಸ್ಥಿತಿಗೆ ಮರಳಬೇಕು. ಒಂದು ತಪ್ಪಿದರೂ ಪರದೆ ಕಪ್ಪಗಾಗಿ, ಸೇವ್ ಮಾಡದ ಕೆಲಸ ಹೋದಂತೆಯೇ. ಸಾವಿರಾರು ಮಾಡೆಲ್‌ಗಳಲ್ಲಿ ಇದನ್ನು ಪರೀಕ್ಷಿಸಲು ಯಾರಿಂದಲೂ ಆಗದು. ಕೈಕೊಡಬಹುದಾದ ಗುಂಡಿಯನ್ನು ಎಲ್ಲರ ಮುಂದಿಡಬಾರದೆಂಬ ವಾದವನ್ನು ನಾನು ಗೌರವಿಸುತ್ತೇನೆ.

ಭದ್ರತೆಯ ಮಾತೂ ಹಗುರವಲ್ಲ. ಹೈಬರ್ನೇಟ್ ಡಿಸ್ಕಿಗೆ ಬರೆದಿಟ್ಟ ಪ್ರತಿಯನ್ನು ಯಾರಾದರೂ ತಿದ್ದಿದರೆ, ತಿದ್ದಿದ್ದೇ ಕರ್ನಲ್ ಒಳಗೆ ಜೀವ ಪಡೆಯುತ್ತದೆ. ಹಾಗಾಗಿಯೇ ಉಬುಂಟು, ಫೆಡೋರಾಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಕರ್ನಲ್ ಹೈಬರ್ನೇಟ್‌ಗೆ ಒಪ್ಪುವುದಿಲ್ಲ. ಆದರೆ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿಗೂ ಅದೇ ನಿಯಮ ಅನ್ವಯಿಸುವುದು ಅತಿಯಾಯಿತು.

ನನ್ನ ತಕರಾರು ಬೇರೆ ಕಡೆ ಇದೆ. 2020ರ ಫೆಡೋರಾ 33ರಿಂದ ಸ್ವಾಪ್ ಇರುವುದೇ ರ್‍ಯಾಮ್ ಒಳಗೆ. ಪವರ್ ಹೋದರೆ ಅದೂ ಹೋಯಿತು. ಉಬುಂಟು ಕೊಡುವ ಸ್ವಾಪ್ ಫೈಲ್ ಸಾಮಾನ್ಯವಾಗಿ ರ್‍ಯಾಮ್‌ಗಿಂತ ಚಿಕ್ಕದು. ಹೈಬರ್ನೇಟ್ ಬೇಕೆಂದವರು ದೊಡ್ಡ ಫೈಲ್ ಮಾಡಿ, ಅದು ಡಿಸ್ಕಿನಲ್ಲಿ ಎಲ್ಲಿಂದ ಶುರುವಾಗುತ್ತದೆಂಬ ಅಂಕೆ ಹುಡುಕಿ, ಬೂಟ್ ಮಾಡಿಸುವ ಗ್ರಬ್‌ನ ಸಾಲಿಗೆ ಸೇರಿಸಬೇಕು. ಮುಂದೆಂದೋ ಫೈಲ್ ಅಳಿಸಿ ಹೊಸದು ಮಾಡಿದರೆ ಆ ಅಂಕೆ ಬದಲಾಗುತ್ತದೆ. ಮಾನಸಗಂಗೋತ್ರಿಯಲ್ಲಿ ಇತಿಹಾಸ ಓದುವ ವಿದ್ಯಾರ್ಥಿಗೆ ಈ ಕಷ್ಟ ಯಾಕೆ? 512 ಜಿಬಿ ಡಿಸ್ಕಿನಲ್ಲಿ ಸ್ವಾಪ್‌ಗೆ 16 ಜಿಬಿ ದೊಡ್ಡದಲ್ಲ. ತಾನಾಗಿ ಆನ್ ಆಗುವುದು ಬೇಡ, ಸರಿ. ಇನ್‌ಸ್ಟಾಲ್ ಮಾಡುವಾಗ ಅಪಾಯವನ್ನೂ ತಿಳಿಸಿ ಬೇಕೇ ಎಂದು ಒಂದು ಮಾತು ಕೇಳಲಿ.

ಅಲ್ಲಿಯವರೆಗೆ, ಬೇಕಾದವರು ಎಲ್ಲವನ್ನೂ ಸೇವ್ ಮಾಡಿಕೊಂಡು ಕೆಲವು ಸಲ ಪರೀಕ್ಷಿಸಿದ ಮೇಲೆಯೇ ನಂಬಿ. ವಿಂಡೋಸ್ ಕೂಡ ಇದ್ದರೆ, ಲಿನಕ್ಸ್ ಹೈಬರ್ನೇಟ್‌ನಲ್ಲಿರುವಾಗ ಎರಡೂ ಬಳಸುವ ಪಾರ್ಟಿಷನ್ ಅನ್ನು ವಿಂಡೋಸ್‌ನಿಂದ ಮುಟ್ಟಬೇಡಿ, ಡೇಟಾ ಕೆಡುತ್ತದೆ.