ತಕಲಿಯನ್ನು ಮತ್ತೆ ಕೈಗೆತ್ತಿಕೊಳ್ಳೋಣ

ಹಳೆಯ ಕೈಕೆಲಸಗಳನ್ನು ಹೊಸದಾಗಿ ಕಲಿಯಲೆಳಸುವ ತರುಣರು ಈಚೆಗೆ ಅಲ್ಲಲ್ಲಿ ಕಾಣಸಿಗುತ್ತಾರೆ. ಒಬ್ಬರಿಗೆ ಉಣ್ಣೆಯ ಹೆಣಿಗೆ, ಇನ್ನೊಬ್ಬರಿಗೆ ಕಸೂತಿ, ಮತ್ತೊಬ್ಬರಿಗೆ ನೂಲುವುದು ಬಿಡುವಿನ ವೇಳೆಯ ಹವ್ಯಾಸವಾಗಿದೆ. ಇದನ್ನು ಕಂಡು ನಗುವವರೂ ಉಂಟು. ಗಿರಣಿಯು ಕ್ಷಣಮಾತ್ರದಲ್ಲಿ ಮಾಡಿ ಮುಗಿಸುವ ಕೆಲಸಕ್ಕಾಗಿ ದಿನಗಟ್ಟಲೆ ಕುಳಿತಿರುವುದು ವಿಜ್ಞಾನಯುಗಕ್ಕೆ ತಕ್ಕದ್ದೇ ಎಂದು ಅವರು ಕೇಳುತ್ತಾರೆ. ಎಲ್ಲರಿಗಿಂತ ಮೊದಲು ವಿಜ್ಞಾನದ ವಿದ್ಯಾರ್ಥಿಯೇ ಈ ಹವ್ಯಾಸವನ್ನು ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ. ನೂಲುವುದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ತಕಲಿಗಿಂತ ಸರಳವಾದ ಯಂತ್ರ ಮತ್ತೊಂದಿರಲಾರದು. ಒಂದು ಕಡ್ಡಿ, ಅದರ ಕೆಳತುದಿಯ ಬಳಿ ಒಂದು ಬಿಲ್ಲೆ, ಮೇಲ್ತುದಿಯಲ್ಲಿ ಒಂದು ಕೊಕ್ಕೆ, ಇಷ್ಟೇ. ಇಂತಹ ಬಿಲ್ಲೆಗಳು ಮೊಹೆಂಜೊದಾರೊದ ಅವಶೇಷಗಳಲ್ಲಿಯೂ ದೊರೆತಿವೆ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದ ತರುವಾಯ ಮೂಲಶಿಕ್ಷಣದ ಶಾಲೆಗಳಲ್ಲಿ ನೂಲುವುದೂ ಒಂದು ಪಾಠವಾಯಿತು. ಶಾಲೆಯಲ್ಲಿ ತಕಲಿ ತಿರುಗಿಸಿದ್ದನ್ನು ನೆನೆಯುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆದರೆ ಪಾಠ ಮಾತ್ರ ಬಹುಮಟ್ಟಿಗೆ ಮರೆಯಾಗಿದೆ.

ನಾವು ಮೊದಲ ಸಲ ತಕಲಿ ಹಿಡಿದ ದಿನ ನೂಲಿಗಿಂತ ತುಂಡುಗಳೇ ಹೆಚ್ಚಾದವು. ಹಂಜಿಯನ್ನು ಬೇಗ ಎಳೆದರೆ ಎಳೆ ಬಿಟ್ಟುಹೋಗುತ್ತಿತ್ತು. ತಡೆದರೆ ಹುರಿ ಮೇಲೇರಿ ಹಂಜಿಯೇ ಗಂಟಾಗುತ್ತಿತ್ತು. ಕೆಲವು ದಿನಗಳ ಬಳಿಕ ಕೈ ಪಳಗಿತು. ಆಗ ನಮಗೆ ಹೊಳೆದ ಪ್ರಶ್ನೆ ಇದು: ಹತ್ತಿಯ ಒಂದೊಂದು ತಂತು ಸಾಮಾನ್ಯವಾಗಿ 2ರಿಂದ 3 ಸೆಂಟಿಮೀಟರು ಉದ್ದ ಮಾತ್ರ. ಅಂಟಿಲ್ಲ, ಗಂಟಿಲ್ಲ. ಹಾಗಿದ್ದೂ ಅವು ಕೂಡಿ ಮೈಲುಗಟ್ಟಲೆ ನೂಲಾಗುವುದು ಹೇಗೆ? ಹಗ್ಗವನ್ನು ಕುರಿತು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ವಿಚಾರಿಸಿದ ಪ್ರಶ್ನೆಯೂ ಇಂತಹುದೇ. ಹುರಿಗೊಂಡ ತಂತುಗಳು ಒಂದನ್ನೊಂದು ಸುತ್ತಿರುತ್ತವೆ. ನೂಲನ್ನು ಎಳೆದಷ್ಟೂ ಅವು ಒಂದನ್ನೊಂದು ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಬಿಡಿಸಲು ಬಂದ ಬಲವೇ ಬಿಗಿಯುವ ಬಲವಾಗುತ್ತದೆ!

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಹುರಿಯು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ತೆಳುವಾದ ಭಾಗವನ್ನು ತಿರುಚುವುದು ಸುಲಭವಾದ್ದರಿಂದ ಅದು ಮೊದಲು ಅಲ್ಲಿಗೇ ಓಡಿ ಆ ಭಾಗವನ್ನು ಬಿಗಿಗೊಳಿಸುತ್ತದೆ. ದಪ್ಪನೆಯ ಭಾಗ ಇನ್ನೂ ಸಡಿಲವಾಗಿರುವುದರಿಂದ ಕೈ ಎಳೆದಾಗ ಅದು ಮಾತ್ರ ಜಾರಿ ತೆಳುವಾಗುತ್ತದೆ. ಹೀಗೆ ನೂಲು ತನ್ನ ಏರುಪೇರುಗಳನ್ನು ತಾನೇ ತಿದ್ದಿಕೊಳ್ಳುತ್ತದೆ. ಬೆರಳುಗಳಿಗೆ ಇದು ತಿಳಿದ ಮೇಲೆ ಪುಸ್ತಕದ ವಾಕ್ಯಕ್ಕೆ ಜೀವ ಬರುತ್ತದೆ.

ಹಳೆಯದೆಲ್ಲ ಒಳ್ಳೆಯದೆಂದು ಸಾರುವವರಲ್ಲಿ ನಮ್ಮನ್ನು ಎಣಿಸಬೇಕಾಗಿಲ್ಲ. ಒಂದು ಲೆಕ್ಕವನ್ನು ನೋಡಿ. 20ನೆಯ ನಂಬರಿನ ನೂಲು ಒಂದು ಪೌಂಡಿಗೆ 840 ಗಜದ 20 ಲಡಿಗಳು. ಅಂದರೆ ಕಿಲೋಗ್ರಾಮಿಗೆ ಸುಮಾರು 34 ಕಿಲೋಮೀಟರು. 250 ಗ್ರಾಂ ತೂಗುವ ಒಂದು ಅಂಗಿಯ ಬಟ್ಟೆಗೆ ಎಂಟೂವರೆ ಕಿಲೋಮೀಟರು ನೂಲು ಬೇಕು. ಗಂಟೆಗೆ 100 ಮೀಟರು ನೂಲುವವರು ಇದಕ್ಕಾಗಿ 85 ಗಂಟೆ ಕೂರಬೇಕು. ಹತ್ತಿ ಹಿಂಜುವ, ನೇಯುವ ಶ್ರಮ ಬೇರೆ. ಯಂತ್ರಗಳು ಬರುವ ಮುನ್ನ ಈ ಹೊರೆಯ ಬಹುಭಾಗವನ್ನು ಹೊತ್ತವರು ಹೆಂಗಸರು. ನಮಗೆ ವಿನೋದವಾಗಿರುವುದು ಅವರಿಗೆ ಬಿಡುವಿಲ್ಲದ ದುಡಿಮೆಯಾಗಿತ್ತು. ಇಂಗ್ಲೆಂಡಿನಲ್ಲಿ 1764ರ ಸುಮಾರಿಗೆ ಹಾರ್ಗ್ರೀವ್ಸ್ ಒಮ್ಮೆಗೇ ಎಂಟು ಕದಿರುಗಳನ್ನು ತಿರುಗಿಸುವ ಯಂತ್ರ ಕಟ್ಟಿದ್ದು ಎಷ್ಟು ದೊಡ್ಡ ಬದಲಾವಣೆಯೆಂಬುದನ್ನು ಒಂದೇ ಕದಿರಿನಲ್ಲಿ ನೂತವರೇ ಬಲ್ಲರು. ತಕಲಿ ಹಿಡಿದವನಿಗೆ ಗಿರಣಿಯ ಮೇಲೆ ತಿರಸ್ಕಾರ ಹುಟ್ಟದು. ಹಾಗೆಯೇ ಎರಡು ಸಲ ತೊಟ್ಟ ಅಂಗಿಯನ್ನು ಬಿಸುಡಲು ಮನಸ್ಸೂ ಬಾರದು.

ಆದುದರಿಂದ ವಿದ್ಯಾರ್ಥಿಮಿತ್ರರು ಈ ರಜೆಯಲ್ಲಿ ಒಂದು ತಕಲಿಯನ್ನೂ ಸ್ವಲ್ಪ ಹಂಜಿಯನ್ನೂ ದೊರಕಿಸಿಕೊಳ್ಳಲಿ. ತಕಲಿ ಸಿಗದಿದ್ದರೆ ಬಿದಿರುಕಡ್ಡಿಗೆ ಮರದ ಬಿಲ್ಲೆಯೊಂದನ್ನು ಸಿಕ್ಕಿಸಿದರೂ ಸಾಕು. ಬಿಲ್ಲೆಯ ತೂಕವನ್ನು ಬದಲಿಸಿ, ತಕಲಿ ಎಷ್ಟು ಹೊತ್ತು ತಿರುಗುವುದೆಂದು ಅಳೆಯಿರಿ. ಒಂದೇ ದಪ್ಪದ ನೂಲುಗಳಿಗೆ ಬೇರೆಬೇರೆ ಪ್ರಮಾಣದ ಹುರಿ ಕೊಟ್ಟು, ತೂಕ ಕಟ್ಟಿ, ಯಾವುದು ಯಾವಾಗ ಕಡಿಯುವುದೆಂದು ಬರೆದಿಡಿರಿ. ಹುರಿ ಏರಿದಂತೆ ಬಲವೂ ಏರುತ್ತದೆ. ಒಂದು ಮಿತಿಯನ್ನು ದಾಟಿದರೆ ಬಲ ಇಳಿಯತೊಡಗುತ್ತದೆ. ತಂತುಗಳು ಅತಿಯಾಗಿ ಓರೆಯಾದಾಗ ನೂಲಿನ ಉದ್ದಕ್ಕೆ ಬೀಳುವ ಎಳೆತವನ್ನು ಅವು ಚೆನ್ನಾಗಿ ಹೊರಲಾರವು. ಆ ಮಿತಿ ಎಲ್ಲಿದೆಯೆಂಬುದನ್ನು ನಿಮ್ಮ ನೂಲಿನಲ್ಲಿ ನೀವೇ ಕಂಡುಹಿಡಿಯಬೇಕು.

ಇದಕ್ಕೆ ಪ್ರಯೋಗಶಾಲೆಯ ಬೀಗದ ಕೈಗಾಗಿ ಯಾರನ್ನೂ ಕೇಳಬೇಕಾಗಿಲ್ಲ. ಮನೆಯ ಜಗಲಿಯೇ ಸಾಕು.