ಗುಜರಿಗೆ ಹಾಕುವ ಮುನ್ನ

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಹಿತ್ತಿಲುಗಳಲ್ಲಿ ಹಳೆಯ ಪವರ್ ಟಿಲ್ಲರು ತುಕ್ಕು ಹಿಡಿದು ನಿಂತಿರುವುದನ್ನು ಕಂಡರೆ ನೋವಾಗುತ್ತದೆ. ಗುಜರಿಯವನು ಕಟ್ಟುವುದು ಕಬ್ಬಿಣದ ತೂಕದ ಬೆಲೆ. ಅದು ಉಳಬಲ್ಲ ನೆಲ ಅವನ ಲೆಕ್ಕಕ್ಕೆ ಬಾರದು.

1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಇಂತಹ ಟಿಲ್ಲರುಗಳನ್ನು ತಯಾರಿಸಿತು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನು, ಬೆಲ್ಟು, ಗೇರು, ಇಷ್ಟೇ. ಆದುದರಿಂದ ರಜೆಯ ದಿನಗಳಲ್ಲಿ ಇದನ್ನು ಬಿಚ್ಚಿ ಜೋಡಿಸುವುದು ನಮ್ಮ ತರುಣರಿಗೆ ಉತ್ತಮ ಹವ್ಯಾಸವೆಂದು ನನ್ನ ಅಭಿಪ್ರಾಯ. ಶಾಲೆಯಲ್ಲಿ ಹೇಳುವ ಒತ್ತಡ, ಘರ್ಷಣೆಗಳ ಪಾಠ ಇಲ್ಲಿ ಕೈಗೇ ಸಿಗುತ್ತದೆ.

ಮೊದಲು ಟ್ಯಾಂಕಿನ ಹಳೆಯ ಡೀಸೆಲನ್ನೂ ತುಕ್ಕನ್ನೂ ತೆಗೆಯಬೇಕು. ಎಂಜಿನ್ ಆಯಿಲು, ಫಿಲ್ಟರು ಬದಲಿಸಬೇಕು. ನಮ್ಮ ಕೆಂಪು ನೆಲದ ಧೂಳು ಒಳಹೊಕ್ಕರೆ ಪಿಸ್ಟನ್ ರಿಂಗು ಸವೆಯುತ್ತದೆ. ಏರ್ ಕ್ಲೀನರನ್ನು ಮರೆಯಬಾರದು. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿದ್ದರೆ ಎಂಜಿನು ಹತ್ತದು. ಕೈಯಿಂದ ತಿರುಗಿಸಿದಾಗ ಬಿಗಿಯಾಗಿದ್ದರೆ ಬಲವಂತ ಮಾಡದೆ ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು. ಬೆಲ್ಟಿನ ಮುಚ್ಚಳವಿಲ್ಲದೆ ಓಡಿಸಕೂಡದು. ಪಂಚೆಯ ತುದಿ ಸಿಕ್ಕಿಕೊಂಡೀತು.

ದುಡ್ಡು ದಂಡವೆನ್ನುವವರುಂಟು. ಎಂಜಿನಿನ ಮೈಯೇ ಸೀಳಿದ್ದರೆ ಅವರ ಮಾತು ನಿಜ. ಅದನ್ನು ಬಿಡಿಭಾಗಗಳಿಗೆ ಇಟ್ಟುಕೊಳ್ಳಿರಿ. ಉಳಿದವನ್ನು ಸಾಲ ಮಾಡದೆ, ತಿಂಗಳಿಗೊಂದು ಭಾಗ ಕೊಂಡು ಸರಿಪಡಿಸಬಹುದು. ಮಳೆ ಅಪರೂಪವಾದ ನಮ್ಮಲ್ಲಿ ನೆಲದ ಹದ ಬೇಗ ಆರಿಹೋಗುತ್ತದೆ. ಬಾಡಿಗೆ ಟ್ರಾಕ್ಟರಿನ ಸರದಿ ಬರುವಷ್ಟರಲ್ಲಿ ಕಡಲೆಕಾಯಿ ಬಿತ್ತನೆಯ ವೇಳೆ ಮೀರುತ್ತದೆ. ಹಿಪ್ಪುನೇರಳೆಯ ಇಕ್ಕಟ್ಟಾದ ಸಾಲುಗಳಲ್ಲಿ ದೊಡ್ಡ ಟ್ರಾಕ್ಟರು ನುಗ್ಗುವುದೂ ಇಲ್ಲ. ಅಂತಹ ಹೊತ್ತಿಗೆ ಊರಿನಲ್ಲಿ ಒಂದು ಹಳೆಯ ಟಿಲ್ಲರು ಓಡುವಂತಿದ್ದರೆ ನಾಲ್ಕು ಮನೆಗೆ ಆಸರೆ. ಬೇಸಿಗೆ ರಜೆಯಲ್ಲಿ ಕೈಹಾಕಿ ನೋಡಿರಿ.